ಟ್ರೋಲಿಂಗ್ ಮೋಟರ್‌ಗೆ ಲಿಥಿಯಂ: ಬ್ಯಾಟರಿ ಒಂದನ್ನೇ ಬದಲಿಸಿದರೆ ಮುಗಿಯಲ್ಲ

ದೋಣಿಯ ಟ್ರೋಲಿಂಗ್ ಮೋಟರ್‌ಗೆ, ಅಂದರೆ ದೋಣಿಯನ್ನು ನಿಧಾನವಾಗಿ ಓಡಿಸುವ ಸಣ್ಣ ವಿದ್ಯುತ್ ಮೋಟರ್‌ಗೆ, ಎರಡು 100 ಎಎಚ್ (ಆಂಪಿಯರ್ ಅವರ್) ಲೆಡ್ ಆಸಿಡ್ ಬ್ಯಾಟರಿ ತೆಗೆದು ಒಂದೇ 100 ಎಎಚ್ ಲಿಥಿಯಂ ಹಾಕಿದರೆ ಸಾಕಾ, ಹಳೆ ಚಾರ್ಜರೇ ನಡೆಯುತ್ತಾ ಅಂತ ಕೇಳಿದ್ದೀರಿ. ಮೋಟರ್ 12 ವೋಲ್ಟ್, ತಳ್ಳುವ ಬಲ 55 ಪೌಂಡ್ ಅಂದಿದ್ದೀರಿ. ಮೊದಲ ಪ್ರಶ್ನೆಗೆ ಹೆಚ್ಚುಕಡಿಮೆ ಹೌದು. ಎರಡನೆಯದಕ್ಕೆ ಚಾರ್ಜರ್ ನೋಡದೆ ಹೌದು ಅನ್ನಲಾರೆ.

ಲೆಡ್ ಆಸಿಡ್ ಮೇಲೆ ಬರೆದ 100 ಎಎಚ್ ಸಾಮಾನ್ಯವಾಗಿ 20 ಗಂಟೆಯ ಲೆಕ್ಕ. ಅಂದರೆ 5 ಆಂಪ್‌ನಂತೆ ನಿಧಾನವಾಗಿ ತೆಗೆದರೆ ಮಾತ್ರ ಅಷ್ಟು ಸಿಗುತ್ತದೆ. ನಿಮ್ಮ ಮೋಟರ್ ಫುಲ್ ಸ್ಪೀಡ್‌ನಲ್ಲಿ 50 ಆಂಪ್ ಹತ್ತಿರ ಎಳೆಯುತ್ತದೆ. ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ. ಅದರ ಮೇಲೆ, ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ. ಲಿಥಿಯಂಗೆ ಈ ಎರಡೂ ಕಾಟ ಇಲ್ಲ ಅಂದರೂ ಸರಿ, 100 ಎಎಚ್ ಅಂದರೆ ಹತ್ತಿರ ಹತ್ತಿರ ಅಷ್ಟೂ ಕೈಗೆ ಸಿಗುತ್ತದೆ. ಜೊತೆಗೆ ಸುಮಾರು 60 ಕೆಜಿ ಹೋಗಿ 12 ಕೆಜಿ ಆಸುಪಾಸಿಗೆ ಬರುತ್ತದೆ. ನನ್ನ ದೋಣಿಯಲ್ಲಿ ಹಳೆ ಬ್ಯಾಟರಿಗಳು ಹಿಂದೆ ಇದ್ದವು. ಅವನ್ನು ತೆಗೆದ ದಿನ ನಾನು ಮುಂದೆ ಹೋಗಿ ನಿಂತರೆ ಮುಂಭಾಗ ನೀರಿಗೆ ಬಗ್ಗಿಬಿಟ್ಟಿತು! ಸಾಮಾನೆಲ್ಲ ಮತ್ತೆ ಜೋಡಿಸಬೇಕಾಯಿತು.

ಕೊಳ್ಳುವಾಗ ಲಿಥಿಯಂ ಐರನ್ ಫಾಸ್ಫೇಟ್ ಅಂತ ಬರೆದಿರುವುದನ್ನೇ ಕೊಳ್ಳಿ. ಒಂದು ಸೆಲ್‌ಗೆ 3.2 ವೋಲ್ಟ್, ನಾಲ್ಕು ಸೇರಿ 12.8. ಸ್ಕೂಟರ್‌ಗಳಿಂದ ಬಿಚ್ಚಿದ ಬೇರೆ ಜಾತಿಯ ಲಿಥಿಯಂ ಸೆಲ್ ನಾಲ್ಕು ಜೋಡಿಸಿದರೆ ಫುಲ್ ಚಾರ್ಜ್‌ನಲ್ಲಿ 16.8 ವೋಲ್ಟ್ ತನಕ ಹೋಗುತ್ತದೆ. ಮೋಟರ್ ಮೇಲೆ ಆ ಪ್ರಯೋಗ ಬೇಡ. ಇನ್ನೊಂದು, ಒಳಗಿರುವ ಬಿಎಂಎಸ್ (ಮಿತಿ ಮೀರಿದರೆ ಕರೆಂಟ್ ಕಡಿದು ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ಬೋರ್ಡ್) ಎಷ್ಟು ಆಂಪ್ ಸತತವಾಗಿ ಕೊಡುತ್ತದೆ ನೋಡಿ. 50 ಆಂಪ್‌ನದ್ದಾದರೆ ಜೊಂಡಿನಲ್ಲಿ ಪ್ರೊಪೆಲ್ಲರ್ ಸಿಕ್ಕಿಕೊಂಡ ಕ್ಷಣ ಆಫ್ ಆಗಬಹುದು. 100 ಇದ್ದರೆ ನಿಶ್ಚಿಂತೆ.

ಈಗ ಚಾರ್ಜರ್. ಈ ಬ್ಯಾಟರಿಗೆ ಬೇಕಾದದ್ದು 14.4ರಿಂದ 14.6 ವೋಲ್ಟ್. ಹಳೆ ಚಾರ್ಜರ್‌ನಲ್ಲಿ ಲೆಡ್ ಆಸಿಡ್ ಚೇತರಿಸಿಕೊಳ್ಳಲಿ ಅಂತ ಇರುವ ಡಿಸಲ್ಫೇಶನ್, ಈಕ್ವಲೈಜ್ ಅಂತ ಏನಾದರೂ ತಾನಾಗಿಯೇ ಶುರುವಾಗುವಂತಿದ್ದರೆ ಅದು 15 ದಾಟಿಸುತ್ತದೆ. ಅಂಥದ್ದನ್ನು ಲಿಥಿಯಂಗೆ ಹಚ್ಚಲೇಬೇಡಿ. ಇನ್ನೊಂದು ತಮಾಷೆ ಇದೆ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಿಎಂಎಸ್ ಕಟ್ ಆದರೆ ಟರ್ಮಿನಲ್‌ನಲ್ಲಿ ವೋಲ್ಟೇಜೇ ಕಾಣುವುದಿಲ್ಲ. ಹಳೆ ಸ್ಮಾರ್ಟ್ ಚಾರ್ಜರ್ ಇಲ್ಲಿ ಬ್ಯಾಟರಿಯೇ ಇಲ್ಲ ಅಂದುಕೊಂಡು ಸುಮ್ನೆ ಕೂರುತ್ತದೆ. ನಾನು ಹೊಸ ಬ್ಯಾಟರಿ ಸತ್ತೇ ಹೋಯಿತು ಅಂತ ಒಂದಿಡೀ ಸಂಜೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಲಿಥಿಯಂ ಮೋಡ್ ಇರುವ ಚಾರ್ಜರ್ ಹಾಕಿದ ಕೂಡಲೇ ಎದ್ದಿತು. ಹಾಗಾಗಿ ಚಾರ್ಜರ್‌ಗೂ ದುಡ್ಡು ತೆಗೆದಿಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಅನ್ನುವುದೂ ನೆನಪಿರಲಿ. ಆ ಚಳಿಯಲ್ಲಿ ಬಳಸಲು ಅಡ್ಡಿಯಿಲ್ಲ, ಚಾರ್ಜ್ ಮಾತ್ರ ಬೇಡ.

ಜಾಸ್ತಿ ಜನ ಎಡವುವುದು ಮೀಟರ್ ವಿಷಯದಲ್ಲಿ. ಲೆಡ್ ಆಸಿಡ್ ತುಂಬಿದ್ದಾಗ 12.7, ಅರ್ಧಕ್ಕೆ ಬಂದಾಗ 12.2 ತೋರಿಸುತ್ತದೆ. ಚಾರ್ಜ್ ಎಷ್ಟಿದೆ ಅಂತ ತೋರಿಸುವ ಮೋಟರ್ ಮೇಲಿನ ದೀಪಗಳು ನಂಬಿರುವುದು ಇದೇ ಲೆಕ್ಕವನ್ನು. ಲಿಥಿಯಂ ಮುಕ್ಕಾಲು ಖಾಲಿಯಾದರೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ದೀಪ ಎಲ್ಲಾ ಉರಿಯುತ್ತಲೇ ಇರುತ್ತದೆ, ಮೋಟರ್ ಮಾತ್ರ ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತದೆ. ಹಳೆಯದು ಸುಸ್ತಾಗುತ್ತಾ ಸುಸ್ತಾಗುತ್ತಾ ದಡ ಸೇರಿಸುತ್ತಿತ್ತು ಅಲ್ವಾ, ಇದಕ್ಕೆ ಆ ಸೌಜನ್ಯ ಇಲ್ಲ. ಶಂಟ್ ಇರುವ, ಅಂದರೆ ಒಳಹೊರಗೆ ಹೋದ ಕರೆಂಟನ್ನೇ ಅಳೆದು ಲೆಕ್ಕ ಇಡುವ ಮೀಟರ್ ಹಾಕಿಸಿ, ಇಲ್ಲವೇ ಬ್ಲೂಟೂತ್‌ನಲ್ಲಿ ಶೇಕಡಾವಾರು ತೋರಿಸುವ ಬ್ಯಾಟರಿ ತಗೊಳ್ಳಿ. ಹುಟ್ಟು ಮಾತ್ರ ದೋಣಿಯಲ್ಲಿ ಇರಲೇಬೇಕು.

ವೋಲ್ಟೇಜ್ ಇಳಿಯದ ಕಾರಣ ಮೋಟರ್ ಕೊನೆಯವರೆಗೂ ಜೋರಾಗಿಯೇ ತಿರುಗುತ್ತದೆ. ಖುಷಿಯೇನೋ ಹೌದು, ಆದರೆ ಬಿಸಿಯೂ ಜಾಸ್ತಿ. ಟ್ರೋಲಿಂಗ್ ಮೋಟರ್ ಮಾಡುವ ಮಿನ್ ಕೋಟಾದವರು ಲಿಥಿಯಂನಲ್ಲಿ ಶೇ. 85ಕ್ಕಿಂತ ಹೆಚ್ಚಿನ ವೇಗದಲ್ಲಿ ಹೆಚ್ಚು ಹೊತ್ತು ಓಡಿಸಬೇಡಿ ಅನ್ನುತ್ತಾರೆ. ಕಂಪನಿ ಯಾವುದೇ ಇರಲಿ, ನಾನು ಅದನ್ನೇ ಪಾಲಿಸುತ್ತೇನೆ. 60 ಆಂಪ್ ಬ್ರೇಕರ್ ಈಗಾಗಲೇ ಇದ್ದರೆ ಅದನ್ನು ಬ್ಯಾಟರಿ ಪಕ್ಕದಲ್ಲೇ ಉಳಿಸಿಕೊಳ್ಳಿ. ಬಿಎಂಎಸ್ ಇದೆಯಲ್ಲ ಅಂತ ತೆಗೆದುಹಾಕಬೇಡಿ.

ಲಿಥಿಯಂ ಅನ್ನು ಹಳೆ ಲೆಡ್ ಆಸಿಡ್ ಜೊತೆ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಔಟ್‌ಬೋರ್ಡ್ (ದೋಣಿಯ ಹಿಂಭಾಗಕ್ಕೆ ಹೊರಗೆ ಕಟ್ಟುವ) ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಹಾಗೇ ಲೆಡ್ ಆಸಿಡ್ ಆಗಿಯೇ ಇರಲಿ. ಇಡೀ ಸೀಸನ್ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ ವೈರ್ ಬಿಚ್ಚಿ ಇಡಿ. ಲೆಡ್ ಆಸಿಡ್ ಹಾಗೆ ಫುಲ್ ಮಾಡಿ ಇಡುವುದು ಬೇಕಿಲ್ಲ.

ನಿಮ್ಮ ಚಾರ್ಜರ್ ಮೇಲಿನ ಲೇಬಲ್ ಫೋಟೊ ತೆಗೆದು ಇಲ್ಲೇ ಹಾಕಿ. ಎಷ್ಟು ವೋಲ್ಟ್ ತನಕ ಹೋಗುತ್ತದೆ ಅಂತ ನೋಡಿ ಹೇಳುತ್ತೇನೆ.