ಓದುಗರ ಪ್ರಶ್ನೆ – ನಮ್ಮ ಉತ್ತರ: ಮೀನು ಹುಡುಕಲು, ದಾರಿ ನೋಡಲು ಒಂದೇ ಯಂತ್ರ

ಪ್ರಶ್ನೆ: ನನ್ನದು ಔಟ್‌ಬೋರ್ಡ್ ಎಂಜಿನ್ ಇರುವ ಆರು ಮೀಟರ್ ಉದ್ದದ ಫೈಬರ್ ದೋಣಿ. 10ರಿಂದ 60 ಮೀಟರ್ ಆಳದ ನೀರಿನಲ್ಲಿ ಮೀನು ಹಿಡಿಯುತ್ತೇನೆ. ಫಿಶ್ ಫೈಂಡರ್ ಮತ್ತು ಜಿಪಿಎಸ್ ನಕ್ಷೆ ಒಂದರಲ್ಲೇ ಇರುವ ಯಂತ್ರ ಕೊಳ್ಳಬೇಕೆಂದಿದ್ದೇನೆ. ಏಳು ಅಂಗುಲದ ಪರದೆ ಸಾಕೇ, ಒಂಬತ್ತು ಅಂಗುಲದ್ದು ಬೇಕೇ? ಜಾಹೀರಾತುಗಳಲ್ಲಿ ಬರುವ ಸಾವಿರಾರು ವ್ಯಾಟ್‌ಗಳ ಲೆಕ್ಕವೂ ಅರ್ಥವಾಗುತ್ತಿಲ್ಲ. ಯಾವುದನ್ನು ಮೊದಲು ನೋಡಬೇಕು?

ಉತ್ತರ: ಪರದೆಯ ಮಾತನ್ನು ಸದ್ಯ ಬದಿಗಿಟ್ಟು ಮೊದಲು ಟ್ರಾನ್ಸ್‌ಡ್ಯೂಸರ್ ಯಾವುದೆಂದು ತೀರ್ಮಾನಿಸಿ. ದೋಣಿಯ ತಳದಲ್ಲಿ ಕೂತು ನೀರಿಗೆ ಸದ್ದು ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುವ ಈ ಚಿಕ್ಕ ಭಾಗಕ್ಕೆ ಕೇಳಿಸದೆ ಹೋದದ್ದನ್ನು ಎಷ್ಟು ದೊಡ್ಡ ಪರದೆಯೂ ತೋರಿಸಲಾರದು. ಕೊಳ್ಳುವವರು ಬಹುಪಾಲು ಪರದೆ ನೋಡಿಯೇ ಆರಿಸುತ್ತಾರೆ, ಪೆಟ್ಟಿಗೆಯ ಜೊತೆ ಬಂದ ಟ್ರಾನ್ಸ್‌ಡ್ಯೂಸರನ್ನು ಕೈಗೆ ಸಿಕ್ಕ ಜಾಗದಲ್ಲಿ ಬಿಗಿಯುತ್ತಾರೆ, ಆಮೇಲೆ ಯಂತ್ರವೇ ಸರಿಯಿಲ್ಲವೆಂದು ಬೇಸರಪಡುತ್ತಾರೆ. ನಮಗೆ ಬರುವ ದೂರಿನ ಪತ್ರಗಳಲ್ಲಿ ಇದೇ ಮತ್ತೆಮತ್ತೆ ಕಾಣುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಜಪಾನಿನ ಫುರುನೊ ಸಂಸ್ಥೆ 1948ರಲ್ಲಿ ಮೀನು ಶೋಧಕವನ್ನು ಮೀನುಗಾರರಿಗೆ ಮಾರಲು ತೊಡಗಿದಾಗ ಇದ್ದ ತತ್ತ್ವವೇ ಇಂದಿಗೂ ಇದೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. 60 ಮೀಟರ್ ಆಳದ ತಳಕ್ಕೆ ಹೋಗಿಬರಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಎಂಟು ಭಾಗ ಸಾಕು. ಹೋಗಿಬಂದ ಹೊತ್ತನ್ನು ಅಳೆದು ಯಂತ್ರವು ಆಳವನ್ನು ಲೆಕ್ಕಹಾಕುತ್ತದೆ. ಬದಲಾಗಿರುವುದು ಕಳಿಸುವ ಸದ್ದಿನ ಬಗೆ. 50 ಕಿಲೋಹರ್ಟ್ಜ್‌ನಂಥ ಕೆಳ ಆವರ್ತನದ ಸದ್ದನ್ನು ನೀರು ಕಡಿಮೆ ಹೀರಿಕೊಳ್ಳುವುದರಿಂದ ಅದು ಬಹಳ ಆಳಕ್ಕೆ ಇಳಿಯುತ್ತದೆ. ಆದರೆ ಅದರ ಅಲೆಯ ಉದ್ದ ಮೂರು ಸೆಂಟಿಮೀಟರ್ ಆಗಿರುವುದರಿಂದ ಸಣ್ಣ ವಸ್ತುಗಳು ಮಸುಕಾಗುತ್ತವೆ. 200 ಕಿಲೋಹರ್ಟ್ಜ್‌ನಲ್ಲಿ ಅಲೆಯುದ್ದ ಏಳೂವರೆ ಮಿಲಿಮೀಟರ್. ವಿವರ ಹೆಚ್ಚು, ತಲುಪುವ ಆಳ ಕಡಿಮೆ. ನೀವು ಹೇಳಿರುವ 60 ಮೀಟರ್ ಆಳಕ್ಕೆ 200ರ ಆಸುಪಾಸಿನ ಆವರ್ತನ ಧಾರಾಳವಾಗಿ ಸಾಕು. ನೂರಾರು ಮೀಟರ್ ಆಳದಲ್ಲಿ ಮೀನು ಹಿಡಿಯುವವರಿಗೆ ಬೇಕಾದ 50 ಕಿಲೋಹರ್ಟ್ಜ್‌ನ ಭಾರದ ಟ್ರಾನ್ಸ್‌ಡ್ಯೂಸರಿಗೆ ನೀವು ಹಣ ಹಾಕಬೇಕಾಗಿಲ್ಲ.

ಇನ್ನು ‘ಚರ್ಪ್’ ಎಂಬ ಪದ. ಒಂದೇ ಆವರ್ತನದ ಸದ್ದಿನ ಬದಲು ಕೆಳಗಿನಿಂದ ಮೇಲಕ್ಕೆ, ಉದಾಹರಣೆಗೆ 150ರಿಂದ 240 ಕಿಲೋಹರ್ಟ್ಜ್‌ವರೆಗೆ, ಜಾರುತ್ತ ಹೋಗುವ ಸದ್ದನ್ನು ಕಳಿಸುವ ವಿಧಾನ ಇದು. ಹಳೆಯ ವಿಧಾನದಲ್ಲಿ ಒಂದು ಮಿಲಿಸೆಕೆಂಡ್ ಉದ್ದದ ಸದ್ದು ಕಳಿಸಿದರೆ, ಒಂದರ ಕೆಳಗೊಂದು ಮುಕ್ಕಾಲು ಮೀಟರಿಗಿಂತ ಹತ್ತಿರವಿರುವ ಎರಡು ಮೀನುಗಳು ಒಂದೇ ಗುರುತಾಗಿ ಬೀಳುತ್ತವೆ. ಚರ್ಪ್‌ನಲ್ಲಿ ಅಷ್ಟೇ ಉದ್ದದ ಸದ್ದಿನಿಂದಲೂ ಅವನ್ನು ಬೇರ್ಪಡಿಸಿ ನೋಡಬಹುದು. ತಳಕ್ಕೆ ಅಂಟಿಕೊಂಡಂತಿರುವ ಮೀನು ತಳದಿಂದ ಬಿಡಿಸಿಕೊಂಡು ಕಾಣುವುದೂ ಇದರಿಂದಲೇ. ಇದು ಬರಿಯ ಜಾಹೀರಾತಿನ ಮಾತಲ್ಲ, ನೀವು ಕೊಳ್ಳುವ ಯಂತ್ರದಲ್ಲಿ ಇರಲೇಬೇಕಾದ ಗುಣ.

ಸದ್ದು ಕೆಳಗಿಳಿಯುತ್ತ ಶಂಕುವಿನಂತೆ ಹರಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೋನ 20 ಡಿಗ್ರಿ ಇದ್ದರೆ 10 ಮೀಟರ್ ಆಳದಲ್ಲಿ ಅದು ಆವರಿಸುವ ವೃತ್ತದ ಅಡ್ಡಳತೆ ಮೂರೂವರೆ ಮೀಟರ್, 60 ಮೀಟರ್ ಆಳದಲ್ಲಿ 21 ಮೀಟರ್. ಅಂದರೆ ಆಳದಲ್ಲಿ ಕಂಡ ಮೀನು ನಿಮ್ಮ ದೋಣಿಯ ನೇರ ಕೆಳಗೇ ಇರಬೇಕೆಂದಿಲ್ಲ. ಪರದೆಯ ಮೇಲೆ ಮೀನು ಕಮಾನಿನಂತೆ ಮೂಡುವುದಕ್ಕೂ ಇದೇ ಕಾರಣ: ಶಂಕುವಿನ ಅಂಚಿನಲ್ಲಿರುವಾಗ ಮೀನು ದೂರ, ನಡುವೆ ಬಂದಾಗ ಹತ್ತಿರ, ದಾಟಿದಾಗ ಮತ್ತೆ ದೂರ. ಲಂಗರು ಹಾಕಿ ನಿಂತಾಗ ಕಮಾನಿನ ಬದಲು ಉದ್ದ ಗೆರೆ ಬಂದರೆ ಅದು ಯಂತ್ರದ ದೋಷವಲ್ಲ. ಪ್ರತಿಧ್ವನಿಗಳನ್ನೆಲ್ಲ ಮೀನಿನ ಪುಟ್ಟ ಚಿತ್ರಗಳಾಗಿ ತೋರಿಸುವ ಸೌಲಭ್ಯವನ್ನು ಮೊದಲ ದಿನವೇ ನಿಲ್ಲಿಸಿಬಿಡಿ. ನೀರಿನಲ್ಲಿ ತೇಲುವ ಕಳೆಯನ್ನೂ ಗುಳ್ಳೆಗಳನ್ನೂ ಅದು ಮೀನೆಂದು ತೋರಿಸಬಹುದು. ಅದನ್ನು ನಂಬಿ ಕುಳಿತರೆ ನಿಜವಾದ ಪ್ರತಿಧ್ವನಿಯನ್ನು ಓದುವ ಅಭ್ಯಾಸ ನಿಮಗೆ ಆಗುವುದೇ ಇಲ್ಲ.

ವ್ಯಾಟ್‌ಗಳ ವಿಷಯ ಸರಳ. ಒಂದೇ ಶಕ್ತಿಯನ್ನು ಕೆಲವರು ಆರ್‌ಎಂಎಸ್ (ಸರಾಸರಿಯ ಲೆಕ್ಕ) ಎಂದೂ ಕೆಲವರು ಪೀಕ್-ಟು-ಪೀಕ್ (ಅಲೆಯ ತುದಿಯಿಂದ ತುದಿಯ ಲೆಕ್ಕ) ಎಂದೂ ಬರೆಯುತ್ತಾರೆ, ಎರಡನೆಯದು ಮೊದಲನೆಯದರ ಎಂಟು ಪಟ್ಟು. 4000 ವ್ಯಾಟ್ ಪೀಕ್-ಟು-ಪೀಕ್ ಎಂದರೆ 500 ವ್ಯಾಟ್ ಆರ್‌ಎಂಎಸ್ ಅಷ್ಟೆ. ಹೋಲಿಸುವಾಗ ಎರಡನ್ನೂ ಆರ್‌ಎಂಎಸ್‌ಗೆ ತಂದುಕೊಳ್ಳಿ. ನಿಮ್ಮ ಆಳಕ್ಕೆ 300ರಿಂದ 600 ವ್ಯಾಟ್ ಆರ್‌ಎಂಎಸ್ ಇದ್ದರೆ ಕೊರತೆಯಾಗದು.

ಕೂರಿಸುವ ಜಾಗ ಆರಿಸಿದ ಸಾಮಾನಿನಷ್ಟೇ ಮುಖ್ಯ. ಗಾಳಿಯ ಗುಳ್ಳೆಗಳು ಸದ್ದಿಗೆ ಗೋಡೆಯಾಗಿ ನಿಲ್ಲುತ್ತವೆ. ಆದ್ದರಿಂದ ದೋಣಿ ವೇಗವಾಗಿ ಓಡುವಾಗಲೂ ಗುಳ್ಳೆಯಿಲ್ಲದ ನೀರು ಹರಿಯುವ ಜಾಗ ಬೇಕು. ದೋಣಿಯ ಹಿಂಬದಿಯ ಹಲಗೆಗೆ ಜೋಡಿಸುವುದಾದರೆ, ತಳದ ಉಬ್ಬುಪಟ್ಟಿಗಳ ಹಿಂದೆಯೂ ನೀರು ಒಳಸೇರುವ ತೂತುಗಳ ಹಿಂದೆಯೂ ಬೇಡ. ಪ್ರೊಪೆಲ್ಲರಿನ ರೆಕ್ಕೆ ಯಾವ ಬದಿಯಲ್ಲಿ ಕೆಳಮುಖವಾಗಿ ತಿರುಗುತ್ತದೋ ಆ ಬದಿಯನ್ನು ಆರಿಸಿ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಪ್ರೊಪೆಲ್ಲರಿಗೆ ಅದು ಬಲಬದಿ. ಪ್ರೊಪೆಲ್ಲರಿನಿಂದ ಎಷ್ಟು ದೂರವಿರಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅದಕ್ಕಿಂತ ಹತ್ತಿರ ತರಬೇಡಿ. ನಿಂತಾಗ ಚೆನ್ನಾಗಿ ಕಾಣುವ ತಳ ಓಡುವಾಗ ಮಾಯವಾದರೆ, ಯಂತ್ರವನ್ನು ಬದಲಿಸುವ ಮೊದಲು ಟ್ರಾನ್ಸ್‌ಡ್ಯೂಸರನ್ನು ಸ್ವಲ್ಪ ಕೆಳಗಿಳಿಸಿ, ಅದರ ಓರೆಯನ್ನು ಸರಿಪಡಿಸಿ ನೋಡಿ.

ಈಗ ಪರದೆ. ಅಂಗುಲಕ್ಕಿಂತ ಮೊದಲು ಕೇಳಬೇಕಾದದ್ದು, ಮೇಲಿಂದ ಕೆಳಕ್ಕೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದು. 600 ಪಿಕ್ಸೆಲ್ ಇರುವ ಪರದೆಯಲ್ಲಿ 60 ಮೀಟರ್ ಆಳವನ್ನು ತೋರಿಸಿದರೆ ಒಂದು ಪಿಕ್ಸೆಲಿಗೆ ಹತ್ತು ಸೆಂಟಿಮೀಟರ್. ಪರದೆಯನ್ನು ಮೇಲೆ ಕೆಳಗೆ ಭಾಗ ಮಾಡಿ ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ಸೋನಾರ್ (ಪ್ರತಿಧ್ವನಿಯಿಂದ ಮೂಡುವ ಚಿತ್ರ) ಇಟ್ಟರೆ ಅದು ಇಪ್ಪತ್ತಾಗುತ್ತದೆ. ಅಕ್ಕಪಕ್ಕ ಭಾಗ ಮಾಡಿದರೆ ಸೋನಾರಿನ ಎತ್ತರ ಉಳಿಯುತ್ತದೆ, ಹಿಂದೆ ದಾಟಿಬಂದ ನೀರಿನ ಚಿತ್ರ ಮಾತ್ರ ಬೇಗ ಸರಿದುಹೋಗುತ್ತದೆ. ನೀವು ಎರಡನ್ನೂ ಸದಾ ಒಟ್ಟಿಗೆ ತೆರೆದಿಡುವವರಾದರೆ ಒಂಬತ್ತು ಅಂಗುಲವೇ ಸರಿ. ದಾರಿಯಲ್ಲಿ ನಕ್ಷೆ, ಜಾಗ ತಲುಪಿದ ಮೇಲೆ ಸೋನಾರ್ ಎಂದು ಒಂದೊಂದನ್ನೇ ನೋಡುವವರಾದರೆ ಏಳು ಅಂಗುಲ ಕೊಂಡು, ಉಳಿದ ಹಣವನ್ನು ಒಳ್ಳೆಯ ಟ್ರಾನ್ಸ್‌ಡ್ಯೂಸರಿಗೆ ಹಾಕಿ. ನಮ್ಮ ಒಲವು ಇದಕ್ಕೇ. ಬಿಸಿಲಿನಲ್ಲಿ, ನೀವು ಧರಿಸುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡೇ ಪರದೆಯನ್ನು ನೋಡಿ ಕೊಳ್ಳಿ, ಕೆಲವು ಪರದೆಗಳು ಆ ಕನ್ನಡಕದಲ್ಲಿ ಕಪ್ಪಾಗುತ್ತವೆ. ಕೈ ಒದ್ದೆಯಾಗಿ ದೋಣಿ ಕುಲುಕುವಾಗ ಬರಿಯ ಸ್ಪರ್ಶದ ಪರದೆಗಿಂತ ಗುಂಡಿಗಳೂ ಇರುವ ಯಂತ್ರ ಹೆಚ್ಚು ನೆಚ್ಚಿಕೆಯದು.

ಪ್ರಶ್ನೆ: ಯಂತ್ರದೊಳಗೇ ನಕ್ಷೆ ಇರುತ್ತದೆ ಎನ್ನುತ್ತಾರೆ. ಬೇರೆ ನಕ್ಷೆಯ ಕಾರ್ಡ್ ಏಕೆ ಬೇಕು? ಜಿಪಿಎಸ್ ತೋರಿಸುವ ಸ್ಥಾನವನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಸ್ಥಾನವನ್ನು ನಕ್ಷೆಗಿಂತ ಹೆಚ್ಚು ನಂಬಬಹುದು. ನಾಗರಿಕರ ಜಿಪಿಎಸ್‌ನಲ್ಲಿ ಉದ್ದೇಶಪೂರ್ವಕವಾಗಿ ಸೇರಿಸುತ್ತಿದ್ದ ತಪ್ಪನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ, ಬಯಲಿನಲ್ಲಿ ಸ್ಥಾನದ ತಪ್ಪು ಕೆಲವೇ ಮೀಟರಿಗೆ ಇಳಿದಿದೆ. ಆದರೆ ನಕ್ಷೆಯಲ್ಲಿ ಬರೆದಿರುವ ಬಂಡೆ ಅಥವಾ ಮರಳದಿಬ್ಬವನ್ನು ಯಾವ ಕಾಲದಲ್ಲಿ, ಯಾವ ಉಪಕರಣದಿಂದ ಅಳೆದದ್ದು ಎಂಬುದು ಬೇರೆ ಪ್ರಶ್ನೆ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ನೋಡಿದ ಕಾಲದ ಅಳತೆಗಳು ಇಂದಿನ ನಕ್ಷೆಗಳಲ್ಲೂ ಉಳಿದಿವೆ. ಡಿಜಿಟಲ್ ನಕ್ಷೆಯನ್ನು ಎಷ್ಟು ಹಿಗ್ಗಿಸಿದರೂ ಗೆರೆಗಳು ಚೂಪಾಗಿಯೇ ಕಾಣುತ್ತವೆ, ಅಳತೆ ಮಾತ್ರ ಮೊದಲಿನಷ್ಟೇ ಒರಟು. ಈ ಭ್ರಮೆ ದೋಣಿಗಳನ್ನು ಬಂಡೆಗೆ ಹತ್ತಿಸುವಷ್ಟು ಅಪಾಯಕಾರಿ.

ಯಂತ್ರದೊಳಗಿನ ನಕ್ಷೆ ಎಷ್ಟೋ ವೇಳೆ ಕರಾವಳಿಯ ಹೊರಗೆರೆಯನ್ನಷ್ಟೇ ಕೊಟ್ಟಿರುತ್ತದೆ. ನೀವು ಓಡಾಡುವ ನೀರನ್ನು ಅಂಗಡಿಯಲ್ಲೇ ತೆರೆಸಿ, ಆಳದ ಗೆರೆಗಳು ಎಷ್ಟು ಹತ್ತಿರ ಹತ್ತಿರವಿವೆ, ದೀಪಗಳೂ ತೇಲುಗುರುತುಗಳೂ ಇವೆಯೇ ಎಂದು ನೋಡಿ. ಅಲ್ಲಿ ಖಾಲಿ ನೀಲಿ ಕಂಡರೆ ಕಾರ್ಡ್ ಬೇಕೇ ಬೇಕು. ಎಲ್ಲ ಕಾರ್ಡ್ ಎಲ್ಲ ಯಂತ್ರಕ್ಕೂ ಹೊಂದುವುದಿಲ್ಲ. ನಕ್ಷೆಯ ಕಂಪನಿಗಳು ಯಂತ್ರದ ಕಂಪನಿಗಳ ಕೈಸೇರುತ್ತಿರುವುದರಿಂದ ಇದು ಇನ್ನೂ ಬಿಗಿಯಾಗಿದೆ. ನೇವಿಯಾನಿಕ್ಸ್ 2017ರಲ್ಲಿ ಗಾರ್ಮಿನ್‌ನ ಪಾಲಾದದ್ದು ಒಂದು ನಿದರ್ಶನ. ಆದ್ದರಿಂದ ಮೊದಲು ನಿಮ್ಮ ನೀರಿಗೆ ಒಳ್ಳೆಯ ನಕ್ಷೆ ಯಾರದೆಂದು ತಿಳಿದು, ಅದನ್ನು ಓದಬಲ್ಲ ಯಂತ್ರವನ್ನು ಆರಿಸುವುದು ಜಾಣತನ. ಒಳ್ಳೆಯ ನಕ್ಷೆ ಎಲ್ಲೂ ಸಿಗದ ನೀರಾದರೆ, ಓಡಾಡುತ್ತ ತನ್ನ ಸೋನಾರಿನಿಂದಲೇ ಆಳದ ಗೆರೆಗಳನ್ನು ಬರೆದುಕೊಳ್ಳುವ ಸೌಲಭ್ಯವುಳ್ಳ ಯಂತ್ರ ನೋಡಿ.

ಯಂತ್ರ ಕೊಂಡ ಕೂಡಲೇ ಎರಡು ಸಂಗತಿಗಳನ್ನು ಗಮನಿಸಿ. ನಕ್ಷೆಯ ಆಳವನ್ನು ತೀರ ಇಳಿತದ ಮಟ್ಟದಿಂದ ಬರೆದಿರುತ್ತಾರೆ, ಸೋನಾರ್ ಆ ಕ್ಷಣದ ನೀರನ್ನು ಅಳೆಯುತ್ತದೆ; ಎರಡೂ ಒಂದಾಗದಿದ್ದರೆ ಗಾಬರಿ ಬೇಡ. ಸೋನಾರ್ ಅಳೆಯುವುದು ಟ್ರಾನ್ಸ್‌ಡ್ಯೂಸರಿನ ಕೆಳಗಿನ ನೀರನ್ನು. ಅದಕ್ಕಿಂತ ಕೆಳಗೆ ಚಾಚಿರುವ ಭಾಗ ಎಷ್ಟೆಂಬುದನ್ನು ಯಂತ್ರಕ್ಕೆ ತಿಳಿಸದಿದ್ದರೆ ಪರದೆಯಲ್ಲಿ ಒಂದು ಮೀಟರ್ ನೀರಿರುವಾಗಲೇ ತಳ ತಾಗಬಹುದು.

ಇನ್ನೊಂದು ಮಾತು: ಜಿಪಿಎಸ್‌ಗೆ ನೀವು ಚಲಿಸುತ್ತಿರುವ ದಿಕ್ಕು ತಿಳಿಯುತ್ತದೆ, ದೋಣಿಯ ಮೂತಿ ಎತ್ತ ತಿರುಗಿದೆ ಎಂಬುದು ತಿಳಿಯದು. ನಿಂತಾಗ ಅಥವಾ ನಿಧಾನವಾಗಿ ತೇಲುವಾಗ ನಕ್ಷೆ ಗಿರಗಿರನೆ ತಿರುಗುವುದು ಇದರಿಂದಲೇ. ಅದು ತೊಂದರೆಯೆನಿಸಿದರೆ ಪ್ರತ್ಯೇಕ ದಿಕ್ಕಿನ ಸಂವೇದಕವನ್ನು ಜೋಡಿಸಬೇಕಾಗುತ್ತದೆ.

ಪ್ರಶ್ನೆ: ನನ್ನದು ಮರದ ದೋಣಿ, ಗೆಳೆಯರದು ಅಲ್ಯೂಮಿನಿಯಂ ದೋಣಿ. ಇಬ್ಬರೂ ಒಂದೇ ಬಗೆಯ, ತಳ ಕೊರೆದು ಕೂರಿಸುವ ಟ್ರಾನ್ಸ್‌ಡ್ಯೂಸರ್ ಹಾಕಿಸಬಹುದೇ?

ಉತ್ತರ: ಬೇಡ. ಅಲ್ಯೂಮಿನಿಯಂ ತಳಕ್ಕೆ ಕಂಚಿನದು ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬೇಗನೆ ಸವೆದುಹೋಗುತ್ತದೆ. ಅವರು ಸ್ಟೇನ್‌ಲೆಸ್ ಸ್ಟೀಲಿನದನ್ನು ತಳಕ್ಕೆ ನೇರವಾಗಿ ತಾಗದಂತೆ ಪ್ರತ್ಯೇಕಿಸಿ ಕೂರಿಸಲಿ. ನಿಮ್ಮ ಮರ ನೀರು ಕುಡಿದು ಉಬ್ಬುವುದರಿಂದ ಪ್ಲಾಸ್ಟಿಕ್ ಒಡಲು ಸೀಳಬಹುದು, ನಿಮಗೆ ಕಂಚೇ ಸರಿ. ತೂತು ಕೊರೆಯದೆ ಒಳಗಿನಿಂದಲೇ ಅಂಟಿಸುವ ಬಗೆ ಇಬ್ಬರಿಗೂ ಆಗದು. ಅದು ನಡುವೆ ಫೋಮ್ ಇಲ್ಲದ ಗಟ್ಟಿ ಫೈಬರ್ ತಳಕ್ಕೆ ಮಾತ್ರ ಹೊಂದುತ್ತದೆ.

ಪ್ರಶ್ನೆ: ಎಂಜಿನ್ ಚಾಲೂ ಮಾಡಿದಾಗಲೆಲ್ಲ ನನ್ನ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡೂ ಕೆಲಸ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಇದು ಕೆಟ್ಟರೆ ಗತಿಯೇನೆಂದು ಚಿಂತೆಯಾಗಿದೆ. ಬೇರೆ ಬೇರೆ ಯಂತ್ರಗಳೇ ಒಳ್ಳೆಯವೇ?

ಉತ್ತರ: ಆರುವುದು ಬಹುತೇಕ ವಿದ್ಯುತ್ತಿನ ಸಮಸ್ಯೆ. ಸ್ಟಾರ್ಟರ್ ತಿರುಗುವಾಗ 12 ವೋಲ್ಟಿನ ಬ್ಯಾಟರಿಯ ಒತ್ತಡ ಕುಸಿಯುತ್ತದೆ, ಯಂತ್ರಕ್ಕೆ ಬೇಕಾದ ಕನಿಷ್ಠ ಮಟ್ಟವೂ ಉಳಿಯುವುದಿಲ್ಲ. ಯಂತ್ರಕ್ಕೇ ಒಂದು ಚಿಕ್ಕ ಬ್ಯಾಟರಿ ಇಡಿ. ಇಲ್ಲವಾದರೆ ಈಗಿರುವ ಬ್ಯಾಟರಿಯಿಂದ ನೇರವಾಗಿ, ದಪ್ಪ ತಂತಿಯಲ್ಲಿ, ಕೈಪಿಡಿ ಹೇಳಿದ ಫ್ಯೂಸಿನೊಡನೆ ಸಂಪರ್ಕ ಕೊಡಿ. ಪರದೆಯಲ್ಲಿ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಚುಕ್ಕೆಗಳ ಮಳೆ ಸುರಿಯುತ್ತಿದ್ದರೆ ಟ್ರಾನ್ಸ್‌ಡ್ಯೂಸರಿನ ಕೇಬಲನ್ನು ಎಂಜಿನ್ ತಂತಿಗಳಿಂದ ದೂರ ಎಳೆಯಿರಿ. ಉಳಿದ ಕೇಬಲನ್ನು ಕತ್ತರಿಸಬೇಡಿ, ಸುತ್ತಿಡಿ.

ಚಿಕ್ಕ ದೋಣಿಯಲ್ಲಿ ಚುಕ್ಕಾಣಿಯ ಮುಂದೆ ಜಾಗವೂ ಬ್ಯಾಟರಿಯ ಶಕ್ತಿಯೂ ಕಡಿಮೆಯಿರುವುದರಿಂದ ಸಂಯುಕ್ತ ಯಂತ್ರವೇ ಅನುಕೂಲ. ಮೀನು ಕಂಡ ಜಾಗವನ್ನು ಒಂದೇ ಒತ್ತಿಗೆ ನಕ್ಷೆಯ ಮೇಲೆ ಗುರುತಿಸುವ ಲಾಭವೂ ಅದಕ್ಕಿದೆ. ಜಾಗ ಸಾಕಷ್ಟಿರುವ ದೋಣಿಗೆ ಎರಡು ಸಂಯುಕ್ತ ಯಂತ್ರಗಳನ್ನು ಎನ್‌ಎಂಇಎ 2000 ಜಾಲದಲ್ಲಿ ಜೋಡಿಸುವುದು ಉತ್ತಮ. ಸ್ಥಾನ, ಆಳ, ಎಂಜಿನ್ನಿನ ಮಾಹಿತಿ ಆ ಜಾಲದಲ್ಲಿ ಹಂಚಿಕೆಯಾಗುತ್ತದೆ; ಸೋನಾರಿನ ಚಿತ್ರ ಮಾತ್ರ ಅದರಲ್ಲಿ ಹರಿಯದು, ಅದಕ್ಕೆ ಒಂದೇ ಕಂಪನಿಯ ಯಂತ್ರಗಳೂ ಈಥರ್ನೆಟ್ ಕೇಬಲೂ ಬೇಕು. ಎಷ್ಟು ಯಂತ್ರಗಳಿದ್ದರೂ ಕೈಯಲ್ಲಿ ಹಿಡಿಯುವ, ತನ್ನದೇ ಬ್ಯಾಟರಿಯ ಚಿಕ್ಕ ಜಿಪಿಎಸ್, ಆ ನೀರಿನ ಕಾಗದದ ನಕ್ಷೆ, ಕಾಂತದ ದಿಕ್ಸೂಚಿ ಇವು ಮೂರೂ ದೋಣಿಯಲ್ಲಿರಲಿ. ದಿಕ್ಸೂಚಿಯಿಂದ ಎಷ್ಟು ದೂರವಿರಬೇಕೆಂದು ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತದೆ. ಜೋಡಿಸುವ ಮೊದಲೇ ಅದನ್ನು ಅಳೆದು ನೋಡಿ.