ಮಾತು ಕೇಳಿಸಿಕೊಳ್ಳಲಿಕ್ಕೂ ಓದಬೇಕೇ?

ಪತ್ರ: ಕಾರ್ಕಳದ ಹತ್ತಿರದ ಖಾಸಗಿ ಹೈಸ್ಕೂಲೊಂದರಲ್ಲಿ ಟೀಚರಾಗಿದ್ದೇನೆ. ವಯಸ್ಸು 36. ಮಕ್ಕಳು ಮನೆಯಲ್ಲಿ ಹೇಳದ್ದನ್ನೂ ನನ್ನ ಹತ್ತಿರ ಬಂದು ಹೇಳುತ್ತಾರೆ. ಕೌನ್ಸೆಲಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ ಹುಟ್ಟಿದೆ. “ಮಾತಾಡ್ಲಿಕ್ಕೂ ಒಂದು ಡಿಗ್ರಿ ಬೇಕಾ?” ಅಂತಾರೆ ಮನೆಯವರು. ದೂರಶಿಕ್ಷಣದಲ್ಲಿ ಮಾಡಬಹುದೇ? ಓದಿದ ಮೇಲೆ ನಾನು ಏನಾಗುತ್ತೇನೆ? ಕೈಯಲ್ಲಿರುವ ಕೆಲಸ ಬಿಡಬಹುದೇ? (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ:

ಟೀಚರೇ, ನಿಮ್ಮ ಮನೆಯವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದು ಬಹಳ ಮನೆಗಳಲ್ಲಿ ಏಳುವ ಪ್ರಶ್ನೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು “ಯಾರಿಗೂ ಹೇಳ್ಬೇಡಿ ಟೀಚರ್” ಎಂದು ಶುರುಮಾಡಿ, ಮನೆಗೆ ಬಂದುಹೋಗುವ ಸಂಬಂಧಿಕನೊಬ್ಬನ ಕೆಟ್ಟ ನಡತೆಯನ್ನು ನಿಮ್ಮ ಮುಂದೆ ಹೇಳಿದಳು ಎಂದಿಟ್ಟುಕೊಳ್ಳಿ. ಮಕ್ಕಳನ್ನು ಪ್ರೀತಿಸುವ ಯಾವ ಟೀಚರಾದರೂ “ಇಲ್ಲ ಮಗಾ, ಹೇಳುವುದಿಲ್ಲ” ಎಂದುಬಿಡುತ್ತಾರೆ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹಾಗೆ ಮಾತು ಕೊಡಲು ನಮಗೆ ಅಧಿಕಾರವೇ ಇಲ್ಲ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಒಂದು ಅಪರಾಧ. ಹಾಗೆಂದು ಕೇಳಿದ ಕೂಡಲೇ ಸ್ಟಾಫ್‌ ರೂಮಿಗೆ ಓಡಿದರೆ ಆ ಮಗು ಮತ್ತೆ ಯಾರ ಮುಂದೆಯೂ ಬಾಯಿ ಬಿಡಲಿಕ್ಕಿಲ್ಲ. ಯಾವ ಗುಟ್ಟನ್ನು ಕಾಯುತ್ತೇನೆ, ಯಾವುದನ್ನು ಕಾಯಲಾರೆ ಎಂಬುದನ್ನು ಮಾತು ಶುರುವಾಗುವ ಮೊದಲೇ, ಮಗು ಹೆದರದ ಹಾಗೆ ಹೇಳಬೇಕು. ಹೇಳಿದ ಮೇಲೂ ಅದರ ಜೊತೆ ನಿಲ್ಲಬೇಕು. ಇದು ಒಳ್ಳೆಯ ಮನಸ್ಸಿನಿಂದ ಮಾತ್ರ ಬರುವುದಲ್ಲ. ಕಲಿಯಬೇಕು, ಮಾಡಬೇಕು, ತಪ್ಪಿದಾಗ ತಿದ್ದುವವರು ಪಕ್ಕದಲ್ಲಿರಬೇಕು.

ಈ ಕೊನೆಯ ಮಾತೇ ನಾನು ನಿಮಗೆ ಹೇಳಬೇಕಾದ ಮುಖ್ಯ ವಿಷಯ. ಕೋರ್ಸಿನ ಹೆಸರು ಎಂ.ಎಸ್ಸಿ. ಇರಲಿ, ಎಂ.ಎ. ಇರಲಿ, ಕಾಲೇಜಿಗೆ ಹೋದಾಗ ಮೊದಲು ಇದನ್ನು ಕೇಳಿ: ಎರಡು ವರ್ಷದಲ್ಲಿ ನಾನು ನಿಜವಾದ ಜನರ ಎದುರು ಎಷ್ಟು ಹೊತ್ತು ಕೂರುತ್ತೇನೆ? ಕೂತು ಬಂದ ಮೇಲೆ ನನ್ನ ಟಿಪ್ಪಣಿ ಓದಿ, “ಇಲ್ಲಿ ನೀನು ಯಾಕೆ ಅವಸರ ಮಾಡಿದೆ?” ಎಂದು ಕೇಳುವವರು ಯಾರು? ಅವರು ಸ್ವತಃ ಈ ಕೆಲಸ ಮಾಡಿದವರೇ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಮಂಗಳೂರಿನಲ್ಲಿ ಫೀಲ್ಡ್‌ ವರ್ಕಿನ ಬೆಲೆ ಗೊತ್ತಿಲ್ಲದವರಿಲ್ಲ. ವೆಲೆನ್ಸಿಯಾದ ರೋಶನಿ ನಿಲಯ ಕಾಲೇಜು 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ, ಜನರ ನಡುವೆ ಹೋಗಿ ಕಲಿಯದೆ ಆ ವಿದ್ಯೆಯಲ್ಲಿ ಪದವಿಯೇ ಇಲ್ಲ.

ದೂರಶಿಕ್ಷಣದ ಆಸೆಯನ್ನು ಬಿಡಿ. ಮನಶ್ಶಾಸ್ತ್ರದ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಶೈಕ್ಷಣಿಕ ವರ್ಷದಿಂದ ನಿಲ್ಲಿಸಿದೆ. ಮನೆ, ಮಕ್ಕಳು, ಕೆಲಸ ಎಲ್ಲವನ್ನೂ ತೂಗಿಸುವ ನಿಮ್ಮಂಥ ಹೆಂಗಸರಿಗೆ ಇದರಿಂದ ಕಷ್ಟವಾಗಿದೆ, ನಿಜ. ಆದರೂ ಆ ನಿರ್ಧಾರ ಸರಿ ಎಂದೇ ನನಗೆ ಅನಿಸುತ್ತದೆ.

ತರಗತಿಯಲ್ಲಿ ನಿಮಗೆ ಬೇಗನೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಸಿಗುತ್ತಾರೆ. ಎದುರಿನವರನ್ನು ಅಳೆಯದೆ ಒಪ್ಪಿಕೊಳ್ಳುವುದು, ಅವರ ಕಣ್ಣಿನಿಂದಲೇ ಅವರ ಬದುಕನ್ನು ನೋಡುವುದು, ತಾನು ನಟಿಸದೆ ಇರುವುದು: 1957ರಲ್ಲಿ ಅವರು ಮುಂದಿಟ್ಟ ವಾದದ ತಿರುಳು ಇದು. ಪರೀಕ್ಷೆಗೆ ಬರೆಯಲು ಸುಲಭ. ಆದರೆ ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ತಿದ್ದುವುದೇ ನಿಮ್ಮ ಇಷ್ಟು ವರ್ಷದ ಕಸುಬು. ಬುದ್ಧಿ ಹೇಳದೆ ಕೂರುವುದು ಟೀಚರಿಗೆ ಎಲ್ಲರಿಗಿಂತ ಕಷ್ಟ. ನಮ್ಮ ಜನ ಬಯಸುವುದೂ ಬುದ್ಧಿಮಾತನ್ನೇ. ತುಳುನಾಡಿನಲ್ಲಿ ಸಂಸಾರಕ್ಕೆ ತೊಂದರೆ ಬಂದರೆ ದೈವದ ಮುಂದೆ ನಿಲ್ಲುತ್ತಾರೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಅಲ್ಲಿ ಹೀಗೆ ಮಾಡಿ ಎಂಬ ನುಡಿ ಸಿಗುತ್ತದೆ. ನಿಮ್ಮಲ್ಲಿಗೆ ಬಂದವರೂ ನುಡಿಗಾಗಿಯೇ ಕಾಯುತ್ತಾರೆ. ಕೊಡಬೇಡಿ, ಆದರೆ ಅವರ ನಂಬಿಕೆಯನ್ನು ಹಗುರವಾಗಿಯೂ ನೋಡಬೇಡಿ. ಪ್ರಶ್ನೆ ಇಡಿಸಿದ ಮನೆ ಎಂದರೆ, ತೊಂದರೆ ಇದೆ ಎಂದು ಒಪ್ಪಿ ಎಲ್ಲರೂ ಒಟ್ಟಿಗೆ ಕೂತ ಮನೆ. ಅಲ್ಲಿ ಏನು ಮಾತಾಯಿತು ಎಂದು ಕೇಳಿದರೆ ನಿಮ್ಮ ಅರ್ಧ ಕೆಲಸ ಸಾಗುತ್ತದೆ.

ಇನ್ನೊಂದು ವಿಷಯ. ಪಾಠ ಇಂಗ್ಲಿಷಿನಲ್ಲಿರುತ್ತದೆ, ಅಳುವವರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಅಳುತ್ತಾರೆ. ಸಹಪಾಠಿಗಳ ಜೊತೆ ಅಭ್ಯಾಸಕ್ಕೆ ಕೂತಾಗ ತುಳುವಿನಲ್ಲೇ ಮಾಡುತ್ತೇನೆಂದು ಹಟ ಹಿಡಿಯಿರಿ.

ಓದಿದ ಮೇಲೆ ನೀವು ಕೌನ್ಸೆಲರ್ ಆಗುತ್ತೀರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ, ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ತರಬೇತಿಯೂ ನೋಂದಣಿಯೂ ಬೇಕು. ಮನೋವೈದ್ಯರಂತೂ ಅಲ್ಲ, ಮಾತ್ರೆ ಬರೆಯುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವ ವೃತ್ತಿಪರರ ಸಾಲಿನಲ್ಲಿ ಕೌನ್ಸೆಲರ್ ಇಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಬಗೆಯ ಕೌನ್ಸೆಲರ್‌ಗಳಿಗೆ ಜಾಗ ಸಿಕ್ಕಿದೆ. ನಿದ್ದೆಯಿಲ್ಲದೆ, ಇಲ್ಲದ ದನಿಗಳನ್ನು ಕೇಳುತ್ತಾ, ಸಾಯುವ ಮಾತಾಡುತ್ತಾ ಬಂದವರನ್ನು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಮಣಿಪಾಲಕ್ಕೋ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಗೋ ಕಳಿಸಬೇಕು, ಕಳಿಸಿ ಮರೆಯಬಾರದು. ರಾತ್ರಿಹೊತ್ತಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಇದೆ. ಈ ಸಂಖ್ಯೆಯನ್ನು ನಿಮ್ಮ ಶಾಲೆಯ ನೋಟಿಸ್ ಬೋರ್ಡಿನಲ್ಲಿ ನಾಳೆಯೇ ಬರೆಯಬಹುದು, ಅದಕ್ಕೆ ಯಾವ ಪದವಿಯೂ ಬೇಡ.

ಕೆಲಸ ಸಿಕ್ಕೀತೇ? 2025ರ ಪಿಯುಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಆ ದಿನ ಫ್ಲೆಕ್ಸ್‌ನಲ್ಲಿ ಫೋಟೋ ಬಾರದ ಮಕ್ಕಳು ನೆಂಟರ ಫೋನಿಗೆ ಹೆದರಿ ಕೋಣೆ ಸೇರುತ್ತಾರೆ. ಅವರ ಹತ್ತಿರ ಕೂರುವವರು ನಮ್ಮಲ್ಲಿ ತೀರಾ ಕಡಿಮೆ. 100ಕ್ಕಿಂತ ಕಡಿಮೆಯಿಲ್ಲದಷ್ಟು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಕೌನ್ಸೆಲರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಅವಕಾಶ ಇದೆ, ಆದರೆ ಶುರುವಿನ ಸಂಬಳ ಈಗಿನದಕ್ಕಿಂತ ಕಡಿಮೆಯೇ ಇದ್ದೀತು, ಎರಡು ವರ್ಷ ಸಂಬಳವೇ ಇರುವುದಿಲ್ಲ. ಆ ಲೆಕ್ಕವನ್ನು ಮನೆಯವರ ಎದುರೇ ಕೂತು ಹಾಕಿ. ಸದ್ಯಕ್ಕೆ ಆಗದೆಂದು ಕಂಡರೆ ಒಂದು ವರ್ಷದ ಡಿಪ್ಲೊಮಾ ಮಾಡಿ ಶಾಲೆಯಲ್ಲೇ ಇರಿ. ಅದು ಸ್ನಾತಕೋತ್ತರ ಪದವಿಗೆ ಸಮವಲ್ಲ, ಆದರೆ ನಿಮ್ಮ ಹತ್ತಿರ ಬರುವ ಮಕ್ಕಳಿಗೆ ಅಷ್ಟರಿಂದಲೂ ಉಪಕಾರವಿದೆ. ಹೊಂದಿಸಿಕೊಳ್ಳಬಹುದಾದರೆ ಸೇರಿಬಿಡಿ, 36 ಎಂಬುದು ಈ ವಿದ್ಯೆಗೆ ತಡವೇನಲ್ಲ.