ಬಡಿಸಿದವರ ಕೈ

ಪತ್ರ: ಕಳೆದ ಸಂಚಿಕೆಯಲ್ಲಿ ರಾಷ್ಟ್ರನಾಯಕರ ಮನೆಯ ಊಟದ ಪ್ರಸಂಗಗಳಿಗೆ ನಾಲ್ಕು ಪುಟ ಸುರಿದಿದ್ದೀರಿ. ದೇಶ ಕಟ್ಟಿದವರು ಏನು ಉಂಡರು ಎಂಬ ಹರಟೆ ಯಾರಿಗೆ ಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಊಟದ ಪಟ್ಟಿಯೇ ಚರಿತ್ರೆಯಲ್ಲ, ಒಪ್ಪಿದೆ. ಆದರೆ ತಾವು ನಾಲ್ಕೂ ಪುಟಗಳನ್ನು ಬಿಡದೆ ಓದಿಯೇ ಬೈದಿದ್ದೀರಿ ಎಂಬುದು ಪತ್ರದಲ್ಲೇ ಕಾಣುತ್ತದೆ!

ಗಾಂಧೀಜಿಯ ಆತ್ಮಕಥೆಯನ್ನೇ ತೆರೆಯಿರಿ. ದಕ್ಷಿಣ ಆಫ್ರಿಕಾದಲ್ಲಿ ಕಸ್ತೂರಬಾ ಕಾಯಿಲೆ ಬಿದ್ದಾಗ ಉಪ್ಪು, ಬೇಳೆ ಬಿಡುವಂತೆ ಗಂಡ ದುಂಬಾಲು ಬಿದ್ದರು. ನಿಮಗೆ ಹೇಳಿದ್ದರೆ ನೀವೂ ಬಿಡುತ್ತಿರಲಿಲ್ಲ ಎಂದರು ಆಕೆ. ಗಾಂಧೀಜಿ ನಿಂತ ನಿಲುವಿನಲ್ಲೇ ಒಂದು ವರ್ಷ ಎರಡನ್ನೂ ಬಿಟ್ಟರು. ಆಕೆ ಅತ್ತು ಬೇಡಿಕೊಂಡರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಅವರು ಅದನ್ನು ಸತ್ಯಾಗ್ರಹ ಎಂದರು; ನಮ್ಮ ಮನೆಗಳಲ್ಲಿ ಹಟ ಎನ್ನುತ್ತಾರೆ. ಮುಂದೆ ಖೇಡಾ ಸತ್ಯಾಗ್ರಹದ ಬಳಿಕ ಹಾಲು ಮುಟ್ಟದ ವ್ರತ ಹಿಡಿದು ಅವರೇ ಹಾಸಿಗೆಯಲ್ಲಿ ಸೊರಗುತ್ತಿದ್ದಾಗ, ಮೇಕೆಯ ಹಾಲಿಗೇನು ಅಡ್ಡಿ ಎಂದು ದಾರಿ ತೆಗೆದವರು ಅದೇ ಕಸ್ತೂರಬಾ. ವ್ರತ ತೊಟ್ಟಾಗ ಅವರ ಮನಸ್ಸಿನಲ್ಲಿದ್ದುದು ಹಸು, ಎಮ್ಮೆ ಮಾತ್ರ. ಬ್ಯಾರಿಸ್ಟರರಿಗೆ ಹೊಳೆಯದ ಅಂಶವದು.

1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ದೇಶವನ್ನು ಕೇಳಿದರು. ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದವು. ಅದಕ್ಕೂ ಮೊದಲು ತಮ್ಮ ಮನೆಯಲ್ಲೇ ಒಂದು ಸಂಜೆ ಒಲೆ ಹೊತ್ತಿಸದೆ ಪರೀಕ್ಷಿಸಿದರಂತೆ. ದೊಡ್ಡ ಮಾತೇ ಸರಿ. ಆ ರಾತ್ರಿ ಮಕ್ಕಳ ಮುಖ ನೋಡುತ್ತ ಕೂತ ಲಲಿತಾ ಶಾಸ್ತ್ರಿಯವರು ಮನಸ್ಸಿನಲ್ಲಿ ಏನೆಂದುಕೊಂಡರೋ, ನನಗೆ ಬೇಕಿರುವುದು ಅದು. ನಮ್ಮ ಜೀವನಚರಿತ್ರೆಕಾರರು ನಡುಮನೆಯಲ್ಲಿ ಉಂಡು, ಎಲೆಯಡಿಕೆ ಹಾಕಿಕೊಂಡು ಎದ್ದುಬಿಡುತ್ತಾರೆ, ಒಳಗೆ ಇಣುಕುವುದಿಲ್ಲ.

ಕಲಾಂ ಅವರದು ಬೇರೆ ದಾರಿ. 2006ರಲ್ಲಿ ಐವತ್ತಕ್ಕೂ ಹೆಚ್ಚು ಬಂಧುಗಳು ರಾಷ್ಟ್ರಪತಿ ಭವನದಲ್ಲಿ ತಂಗಿದ್ದಾಗ ಅವರ ಊಟ, ವಸತಿಯ ಖರ್ಚಿಗೆ ಮೂರೂವರೆ ಲಕ್ಷ ರೂಪಾಯಿಯನ್ನು ತಮ್ಮ ಜೇಬಿನಿಂದಲೇ ಕಟ್ಟಿದರು.

ಈಗಿನವರು ಉಣ್ಣುವುದು ಕ್ಯಾಮೆರಾದ ಎದುರು, ಅದೂ ಬಡವರ ಮನೆ ಹುಡುಕಿಕೊಂಡು ಹೋಗಿ. ಮೊನ್ನೆ ಇಂಥದೊಂದು ಚಿತ್ರ ನಮ್ಮ ಕಚೇರಿಗೆ ಬಂತು. ಎಲೆಯ ಮುಂದೆ ಕುಳಿತ ಹನ್ನೊಂದು ಮಂದಿಯ ಹೆಸರು ಹುದ್ದೆಸಮೇತ ಕೆಳಗಿತ್ತು. ಒಂದು ಅಂಚಿನಲ್ಲಿ ಮೊಣಕೈವರೆಗಿನ ಒಂದು ಕೈ, ಹಸಿರು ಬಳೆ, ಸಾರಿನ ಸೌಟು. ಇದು ಯಾರ ಕೈ ಎಂದು ಫೋನ್ ಮಾಡಿ ಕೇಳಿದೆ. ಕಳಿಸಿದವರಿಗೆ ಗೊತ್ತಿರಲಿಲ್ಲ. ತೊಂದರೆಯಾದರೆ ಆ ಭಾಗ ಕತ್ತರಿಸಿ ಹಾಕಿಕೊಳ್ಳಿ ಸಾರ್ ಎಂದರು.